ಸಮುದ್ರ ಎಷ್ಟು ದೂರ ಎಂದು ಕೇಳುವ ಮೊದಲು

ಮೈಸೂರಿಂದ ಮಂಗಳೂರಿನ ಕಡೆಗೆ, ಒಳಗೇ ಮಲಗುವ ವ್ಯವಸ್ಥೆಯಿರುವ ಕ್ಯಾರವಾನ್ ಗಾಡಿ ತೆಗೆದುಕೊಂಡು ಹೊರಡುವವರು ರಾತ್ರಿ ತಂಗುವ ಜಾಗಕ್ಕೆ ಫೋನ್ ಮಾಡಿ ಮೊದಲು ಕೇಳುವುದು ‘ಸಮುದ್ರ ಎಷ್ಟು ದೂರ?’ ಎಂದು. ಆಮೇಲೆ ‘ರೇಟ್ ಹೇಗೆ?’. ಇನ್ನೇನು ಫೋನ್ ಇಡಬೇಕು ಅನ್ನುವಾಗ ನೆನಪಾಗಿ ‘ಕರೆಂಟ್ ಇದೆಯಲ್ಲ ಸಾರ್?’. ಆ ಕಡೆಯಿಂದ ‘ಉಂಟು ಉಂಟು, ಬನ್ನಿ’ ಎಂದು ಉತ್ತರ ಬರುತ್ತದೆ. ಅಡ್ವಾನ್ಸ್ ಹೋಗುತ್ತದೆ. ಜಾಗದವರು ಸುಳ್ಳೇನೂ ಹೇಳಿಲ್ಲ. ಅವರ ಮನಸ್ಸಿನಲ್ಲಿರುವುದು ಅಂಗಳದ ಲೈಟಿನ ಕೆಳಗೆ ಮೊಬೈಲ್ ಚಾರ್ಜಿಗೆ ಹಾಕಿಸಿದ ಸಣ್ಣ ಪಾಯಿಂಟು. ಕೇಳಿದವರ ಮನಸ್ಸಿನಲ್ಲಿರುವುದು ರಾತ್ರಿಯಿಡೀ ಓಡುವ ಏಸಿ.

ಗಾಡಿಗಳಿಗೆ ವೈರಿಂಗ್ ಮಾಡಿಕೊಡುವ ನಮ್ಮಂಥ ವರ್ಕ್‌ಶಾಪಿಗೆ ಪ್ರವಾಸ ಮುಗಿದ ಮೇಲೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಒಂದು ‘ಉಂಟು’ವಿನಿಂದ. ಹಾಗಾಗಿ ಜಾಗ ಆರಿಸುವ ಬಗ್ಗೆ ಬರೆಯಲು ಕೂತರೂ ಮುಕ್ಕಾಲು ಪಾಲು ಕರೆಂಟಿನ ವಿಷಯವೇ ಆಗುತ್ತದೆ. ಓದುವವರು ಸಹಿಸಿಕೊಳ್ಳಬೇಕು.

ನಮ್ಮ ಕರಾವಳಿಯಲ್ಲಿ ಕ್ಯಾರವಾನ್ ಪಾರ್ಕ್ ಎಂದರೆ ಹೆಚ್ಚಾಗಿ ರೆಸಾರ್ಟಿನ ಪಾರ್ಕಿಂಗ್, ಹೋಂಸ್ಟೇ ಅಂಗಳ, ಇಲ್ಲವೇ ಒಂದು ತೆಂಗಿನ ತೋಟ. ಗಾಡಿ ನಿಲ್ಲಿಸಲೆಂದೇ ಪ್ಲಗ್ಗು, ನೀರು, ಚರಂಡಿ ಮಾಡಿಟ್ಟ ಜಾಗ ಅಪರೂಪ. ಬಾಡಿಗೆ ಕೊಡುವವರು ಒಳ್ಳೆಯ ಜನ, ಕೇಳಿದರೆ ಮನೆಯೊಳಗಿನಿಂದಲೇ ವೈರ್ ಎಳೆದು ಕೊಡುತ್ತಾರೆ. ಸರಿಯಾದ ಪ್ರಶ್ನೆ ಕೇಳುವ ಜವಾಬ್ದಾರಿ ಮಾತ್ರ ಹೋಗುವವರದ್ದು.

ಮೈಸೂರು, ಮಂಡ್ಯದವರಿಗೆ ಇಲ್ಲಿ ಒಂದು ಅಂದಾಜು ತಪ್ಪುತ್ತದೆ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಮೇಲಿದೆ. ಮಾರ್ಚ್ ತಿಂಗಳಲ್ಲೂ ರಾತ್ರಿ ಹನ್ನೊಂದರ ಮೇಲೆ ಕಿಟಕಿ ತೆಗೆದಿಟ್ಟರೆ ಫ್ಯಾನಿನಲ್ಲಿ ನಿದ್ದೆ ಬರುತ್ತದೆ. ಮಂಗಳೂರಿನಲ್ಲಿ ಅದೇ ಹೊತ್ತಿಗೆ ಗಾಳಿಯಲ್ಲಿ ಎಷ್ಟು ನೀರಿನಂಶ ಇರುತ್ತದೆಂದರೆ ಫ್ಯಾನ್ ಹಾಕಿದರೂ ಬೆವರು ಆರುವುದಿಲ್ಲ. ಬಿಸಿಲಿಗೆ ಕಾದ ಲೋಹದ ಗಾಡಿಯೊಳಗಂತೂ ಕೇಳುವುದೇ ಬೇಡ. ‘ಏಸಿ ಬೇಕಾಗಲ್ಲ ಬಿಡಿ’ ಎಂದು ಹೊರಟವರು ರಾತ್ರಿ ಹತ್ತಕ್ಕೆ ಏಸಿ ಹಾಕೇ ಹಾಕುತ್ತಾರೆ.

ಬ್ಯಾಟರಿಯಲ್ಲಿ ನಡೆಸುತ್ತೇವೆ ಅನ್ನುವವರಿಗೆ ಸಣ್ಣ ಲೆಕ್ಕ. 12.8 ವೋಲ್ಟಿನ 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿರುವುದು ಸುಮಾರು ಎರಡೂವರೆ ಯೂನಿಟ್. ಇನ್ವರ್ಟರಿನ ನಷ್ಟ ಕಳೆದರೆ ಎರಡು, ಎರಡೂಕಾಲು. ಸಣ್ಣ ಏಸಿ ಸರಾಸರಿ 700 ವಾಟ್ ಎಳೆದರೂ ಮೂರು ಗಂಟೆಗೆ ಮುಗಿಯಿತು. ಚಾವಣಿಯ ಮೇಲಿನ 400 ವಾಟಿನ ಸೋಲಾರ್ ಒಳ್ಳೆಯ ಬಿಸಿಲಿದ್ದ ದಿನ ಒಂದೂವರೆ ಯೂನಿಟ್ ಕೊಟ್ಟರೆ ಅದೇ ಹೆಚ್ಚು. ಬೆಳಗಿನ ತನಕ ಬೇಕಾಗುವುದು ಐದಾರು ಯೂನಿಟ್. ಅಂದರೆ ಹೊರಗಿನ ಕರೆಂಟ್ ಬೇಕೇ ಬೇಕು.

ಅದು ಸಿಗದಿದ್ದಾಗ ಜನ ಜನರೇಟರ್ ಹಾಕುತ್ತಾರೆ, ಅಥವಾ ಇಂಜಿನ್ ಐಡ್ಲಿಂಗಿನಲ್ಲಿ ಬಿಟ್ಟು ಮಲಗುತ್ತಾರೆ. ಕೈಮುಗಿದು ಕೇಳುವುದು ಇಷ್ಟೇ, ಇದನ್ನು ಮಾಡಬೇಡಿ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದ ಬಳಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿತ್ತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಈಗ ಪ್ಲಗ್ಗಿನ ವಿಷಯ. ನಮ್ಮ ಮನೆಗಳಲ್ಲಿ ಎರಡು ಗಾತ್ರದ ಸಾಕೆಟ್ ಇರುತ್ತವೆ. ಸಣ್ಣದು 6 ಆಂಪ್. ದೊಡ್ಡದು 16 ಆಂಪ್, ಹಳಬರ ಬಾಯಲ್ಲಿ 15 ಆಂಪ್ ಅಥವಾ ಪವರ್ ಪ್ಲಗ್. ಸಣ್ಣದು ತಡೆಯುವುದು 6 ಗುಣಿಸು 230, ಸುಮಾರು 1,380 ವಾಟ್. ಏಸಿ ಒಂದೇ ಆದರೆ ಹೇಗೋ ನಡೆಯುತ್ತದೆ. ಬೆಳಿಗ್ಗೆ ಯಾರೋ ಎದ್ದು ಏಸಿ ಆರಿಸದೆ 1,500 ವಾಟಿನ ಕೆಟಲ್ ಹಾಕಿದರೆ ಅಲ್ಲಿಗೆ 10 ಆಂಪಿನ ಹತ್ತಿರ. ಟ್ರಿಪ್ ಆಗುತ್ತದಲ್ಲ ಅನ್ನುತ್ತಾರೆ. ಆಗುವುದಿಲ್ಲ. ಆ ಸಾಲಿಗೆ ಹಿಂದೆ ಹಾಕಿರುವ ಎಂಸಿಬಿ (ಲೋಡ್ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) 16ರದ್ದೋ 20ರದ್ದೋ ಆಗಿದ್ದರೆ ಅದಕ್ಕೆ 10 ಆಂಪ್ ಲೆಕ್ಕಕ್ಕೇ ಇಲ್ಲ. ಬಿಸಿಯಾಗುವುದು ಸಾಕೆಟ್ಟು.

ಮಂಡ್ಯದ ಒಂದು ಕುಟುಂಬ ಸುರತ್ಕಲ್ ಕಡೆ ಎರಡು ರಾತ್ರಿ ಕಳೆದು ಬಂದಾಗ ಅವರ ಕೈಯಲ್ಲಿದ್ದ ಪ್ಲಗ್ಗನ್ನು ಎಲ್ಲರೂ ಒಮ್ಮೆ ನೋಡಬೇಕಿತ್ತು. ಕರೆಂಟ್ ಬರುವ ಫೇಸ್ ಪಿನ್ನಿನ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ ಕಂದಾಗಿ ಉಬ್ಬಿ, ಹಪ್ಪಳದ ಅಂಚಿನ ಹಾಗೆ ಸುರುಟಿತ್ತು. ಪಿನ್ನಿನ ಹೊಳಪು ಹೋಗಿ ನೀಲಿ ಮಿಶ್ರಿತ ಕಪ್ಪು. ಒಳಗಿನ ಸ್ಕ್ರೂ ಸಡಿಲ, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಉಪ್ಪು ಗಾಳಿಗೆ ಕಿಲುಬು ಹಿಡಿದರೆ ಕೂಡುವ ಜಾಗದಲ್ಲಿ ಕರೆಂಟಿಗೆ ಅಡ್ಡಿ (ರೆಸಿಸ್ಟೆನ್ಸ್) ಹೆಚ್ಚುತ್ತದೆ, ಅಡ್ಡಿ ಹೆಚ್ಚಿದಲ್ಲಿ ಶಾಖ, ಶಾಖಕ್ಕೆ ಸ್ಪ್ರಿಂಗಿನ ಹಿಡಿತ ಹೋಗಿ ಇನ್ನಷ್ಟು ಅಡ್ಡಿ. ಸಮುದ್ರಕ್ಕೆ ಹತ್ತಿರ ಹೋದಷ್ಟೂ ಇದು ಬೇಗ. ಕಡಲಿಗೆ ಮುಖ ಮಾಡಿದ ಗೋಡೆಯ ಸಾಕೆಟ್ ನೋಡಲು ಹೊಸದಿದ್ದರೂ ನಂಬಬಾರದು.

ವೈರಿನ ಉದ್ದವೂ ಅಷ್ಟೇ ಮುಖ್ಯ. ಮನೆಯಿಂದ ಗಾಡಿಗೆ 30 ಮೀಟರ್ ಎಂದರೆ ಕರೆಂಟ್ ಹೋಗಿ ಬರುವ ದಾರಿ 60 ಮೀಟರ್. 1 ಸ್ಕ್ವೇರ್ ಎಂಎಂ ತಾಮ್ರದ ವೈರಾದರೆ ಸುಮಾರು 1.1 ಓಮ್ ಅಡ್ಡಿ. 10 ಆಂಪ್ ಹರಿದರೆ 11 ವೋಲ್ಟ್ ದಾರಿಯಲ್ಲೇ ಖರ್ಚು. ಸಂಜೆ ಏಳರಿಂದ ಹತ್ತರವರೆಗೆ ಹಳ್ಳಿಯ ಲೈನಿನಲ್ಲಿ 200 ವೋಲ್ಟಿಗೆ ಇಳಿದಿದ್ದರೆ ಗಾಡಿಗೆ ತಲುಪುವುದು 189. ಇನ್ವರ್ಟರ್ ಏಸಿ ಇದನ್ನು ತಡೆದುಕೊಂಡೀತು. ಹಳೆಯ ಮಾದರಿಯ ಏಸಿ ಶುರುವಾಗುವಾಗ ಒಂದು ಕ್ಷಣ 30 ಆಂಪ್ ಎಳೆದರೆ 33 ವೋಲ್ಟ್ ಬೀಳುತ್ತದೆ, ಕಂಪ್ರೆಸರ್ ಗುಂಯ್ ಎಂದು ಒದ್ದಾಡಿ ನಿಲ್ಲುತ್ತದೆ. ‘ನಿಮ್ಮ ಏಸಿ ಕೆಟ್ಟಿದೆ’ ಎಂದು ರಾತ್ರಿ ಹತ್ತೂವರೆಗೆ ಫೋನ್ ಬರುವುದು ಆಗ. 2.5 ಸ್ಕ್ವೇರ್ ಎಂಎಂ ವೈರಾಗಿದ್ದರೆ 10 ಆಂಪಿಗೆ ನಷ್ಟ ನಾಲ್ಕೂವರೆ ವೋಲ್ಟ್ ಮಾತ್ರ. ಮೂರು ಎಳೆಯ 2.5ರ ರಬ್ಬರ್ ಕೇಬಲ್ 25 ಮೀಟರ್ ಗಾಡಿಯಲ್ಲೇ ಇರಲಿ. ಡ್ರಮ್ಮಿನಲ್ಲಿ ಸುತ್ತಿದ್ದರೆ ಪೂರ್ತಿ ಬಿಚ್ಚಿ ಹಾಕಿ. ಸುತ್ತಿದ ಹಾಗೇ ಬಿಟ್ಟರೆ ಶಾಖ ಹೊರಹೋಗಲು ದಾರಿಯಿಲ್ಲದೆ ಒಳಸುತ್ತುಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಪ್ಲಗ್ಗು, ವೈರಿನ ಲೆಕ್ಕ ತಪ್ಪಿದರೆ ಹೆಚ್ಚಾಗಿ ಹೋಗುವುದು ನಿದ್ದೆ, ಪ್ಲಗ್ಗು, ದುಡ್ಡು. ಅರ್ಥಿಂಗ್, ಅಂದರೆ ಲೋಹದ ಭಾಗಗಳನ್ನು ತಂತಿಯಿಂದ ನೆಲಕ್ಕೆ ಸೇರಿಸುವುದು, ತಪ್ಪಿದರೆ ಹೋಗುವುದು ಜೀವ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದಿರುವುದು ಇದೊಂದೇ.

ಮನೆಯೊಳಗೆ ಶಾಕ್ ಹೊಡೆದಾಗ ಕಾಲ ಕೆಳಗೆ ಒಣಗಿದ ಟೈಲ್ಸ್, ಚಪ್ಪಲಿ ಇರುತ್ತವೆ. ಕ್ಯಾರವಾನ್ ಎಂದರೆ ರಬ್ಬರ್ ಚಕ್ರದ ಮೇಲೆ ನಿಂತ ಕಬ್ಬಿಣದ ಪೆಟ್ಟಿಗೆ. ಒಳಗೆ ಗೀಸರಿನಲ್ಲೋ ಏಸಿಯಲ್ಲೋ ಒಂದು ವೈರ್ ಗಾಡಿಯ ಲೋಹದ ಮೈಗೆ (ಬಾಡಿ) ತಾಗಿದರೆ ಇಡೀ ಗಾಡಿಗೆ 230 ವೋಲ್ಟ್. ಒಳಗಿರುವವರಿಗೆ ಏನೂ ಗೊತ್ತಾಗುವುದಿಲ್ಲ, ಅವರ ಕಾಲೂ ಗಾಡಿಯ ಮೇಲೇ ಇದೆ. ಮಗು ಸಮುದ್ರದಿಂದ ಓಡಿ ಬರುತ್ತದೆ, ಮೈಯೆಲ್ಲ ಉಪ್ಪು ನೀರು, ಬರಿಗಾಲು ಒದ್ದೆ ಮರಳಿನ ಮೇಲೆ, ಕೈ ಬಾಗಿಲ ಹಿಡಿಯ ಮೇಲೆ. ಆ ಕ್ಷಣಕ್ಕೆ ನೆಲಕ್ಕೆ ದಾರಿ ಸಿಕ್ಕಿತು.

‘ಆರ್‌ಸಿಸಿಬಿ ಹಾಕಿಸಿದ್ದೇವಲ್ಲ’ ಎಂಬ ಮಾತು ಬರುತ್ತದೆ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ ಕಂಡರೆ ಲೈನ್ ಕಡಿಯುವ ಸ್ವಿಚ್ಚು ಅದು. ಹಾಕಿಸಲೇಬೇಕು, 30 ಮಿಲಿ ಆಂಪಿನದ್ದು. ಅರ್ಥ್ ಸರಿಯಿದ್ದರೆ ವೈರ್ ಬಾಡಿಗೆ ತಾಗಿದ ತಕ್ಷಣ, ಯಾರೂ ಮುಟ್ಟುವ ಮೊದಲೇ ಅದು ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿ ಅವರ ಮೂಲಕ ಕರೆಂಟ್ ಹರಿದ ಮೇಲೆ ಬೀಳುತ್ತದೆ. ಬಹುಮಟ್ಟಿಗೆ ಬದುಕುತ್ತಾರೆ. ಮಕ್ಕಳ ವಿಷಯದಲ್ಲಿ ‘ಬಹುಮಟ್ಟಿಗೆ’ ಸಾಲದು.

ಹಾಗಾಗಿ ಪ್ಲಗ್ ಚುಚ್ಚುವ ಮೊದಲು ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಏಸಿ ವೋಲ್ಟಿಗೆ (ಇಲ್ಲಿ ಏಸಿ ಎಂದರೆ ಆಲ್ಟರ್ನೇಟಿಂಗ್ ಕರೆಂಟ್, V~ ಗುರುತು) ಇಟ್ಟು ಮೂರು ಅಳತೆ. ನ್ಯೂಟ್ರಲ್ ಎಂದರೆ ಕರೆಂಟ್ ವಾಪಸ್ ಹೋಗುವ ತಂತಿ. ಫೇಸ್‌ನಿಂದ ನ್ಯೂಟ್ರಲ್‌ಗೆ 210ರಿಂದ 240 ಇರಲಿ. ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಸೊನ್ನೆಯೋ, ತೇಲಾಡುವ 60, 90, 110ರಂಥ ಅಂಕಿಯೋ ಬಂದರೆ ಅರ್ಥ್ ಇಲ್ಲ. ನ್ಯೂಟ್ರಲ್‌ನಿಂದ ಅರ್ಥ್‌ಗೆ ಮೂರು ವೋಲ್ಟಿನ ಒಳಗಿರಲಿ. ಮೀಟರ್ ಹಿಡಿದು ಅಭ್ಯಾಸವಿಲ್ಲದವರು ಹೊರಡುವ ಮೊದಲು ಊರಿನ ವೈರ್‌ಮನ್ ಹತ್ತಿರ ಒಮ್ಮೆ ಕಲಿಯುವುದು ಒಳ್ಳೆಯದು. ಮೂರು ದೀಪದ ಸಾಕೆಟ್ ಟೆಸ್ಟರ್ ಕೂಡ ಸಿಗುತ್ತದೆ, ನಮ್ಮ ದುಂಡು ಪಿನ್ನಿನದ್ದನ್ನೇ ಕೇಳಿ ತೆಗೆದುಕೊಳ್ಳಬೇಕು.

ಆದರೆ ಆ ಟೆಸ್ಟರಿಗೆ ಕಾಣದ ಒಂದು ಕೆಟ್ಟ ಕೆಲಸವಿದೆ. ಅರ್ಥ್ ವೈರ್ ಎಳೆಯಲು ಬೇಜಾರಾದವರು ಸಾಕೆಟ್ಟಿನ ಹಿಂದೆಯೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಲೂಪ್ ಕೊಟ್ಟಿರುತ್ತಾರೆ. ಟೆಸ್ಟರಿನಲ್ಲಿ ಎಲ್ಲ ಸರಿ, ಮೀಟರಿನಲ್ಲೂ ಎಲ್ಲ ಸರಿ. ಎಲ್ಲೋ ನ್ಯೂಟ್ರಲ್ ಕಡಿದರೆ, ಮಳೆಗಾಳಿಗೆ ಕಡಿಯುವುದು ಹೊಸತಲ್ಲ, ಗಾಡಿಯ ಏಸಿಯ ಮೂಲಕ ಬಂದ ಫೇಸ್ ನ್ಯೂಟ್ರಲ್ ದಾರಿಯಲ್ಲಿ ಹಿಂದೆ ಹೋಗಿ, ಆ ಲೂಪಿನಿಂದ ಅರ್ಥ್ ವೈರಿಗೆ ಹತ್ತಿ, ಗಾಡಿಯ ಬಾಡಿಗೇ ಬರುತ್ತದೆ. ಗಾಡಿಯ ಆರ್‌ಸಿಸಿಬಿಯೂ ಬೀಳುವುದಿಲ್ಲ. ಹೋದಷ್ಟೇ ಕರೆಂಟ್ ಅದರ ಮೂಲಕ ವಾಪಸ್ಸೂ ಬಂದಿದೆ, ಅದರ ಲೆಕ್ಕ ಸರಿಯಾಗಿಯೇ ಇದೆ.

ಪತ್ತೆ ಮಾಡಲು ಒಂದು ಉಪಾಯ. ಅದೇ ಸಾಕೆಟ್ಟಿಗೆ ಮಲ್ಟಿಪ್ಲಗ್ ಹಾಕಿ ಕೆಟಲ್ ಓಡಿಸಿ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮತ್ತೆ ಅಳೆಯಿರಿ. ನಿಜವಾದ ಅರ್ಥ್ ಆದರೆ ಲೋಡ್ ಬಿದ್ದಾಗ ಅಂಕಿ ಸ್ವಲ್ಪವಾದರೂ ಏರುತ್ತದೆ, ಅರ್ಧ ವೋಲ್ಟೋ, ಎರಡೋ. ಲೋಡ್ ಇದ್ದರೂ ಅಲುಗಾಡದೆ ಸೊನ್ನೆಯಲ್ಲೇ ಕೂತಿದ್ದರೆ ಆ ಸಾಕೆಟ್ ಮುಟ್ಟಬೇಡಿ, ಜಾಗದವರಿಗೂ ತಿಳಿಸಿ. ಅವರ ಮನೆಯ ಫ್ರಿಜ್ಜು, ವಾಷಿಂಗ್ ಮಷೀನಿಗೂ ಅದೇ ವೈರಿಂಗ್ ಇರಬಹುದು.

ಅರ್ಥ್ ಸಿಗದೇ ಹೋದರೆ? ಒಂದೂಕಾಲು ಮೀಟರಿನ ತಾಮ್ರ ಲೇಪದ ರಾಡ್ ನೆಲಕ್ಕೆ ಹೊಡೆದು ಗಾಡಿಯ ಚಾಸಿಗೆ ಕಟ್ಟುವುದು ಕೆಲವರ ರೂಢಿ. ಕರಾವಳಿಯ ಒಣ ಮರಳಿನಲ್ಲಿ, ಬೇಸಿಗೆಯ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ನೆಲ) ಅಂಥ ರಾಡಿನ ಅಡ್ಡಿ ನೂರಾರು ಓಮ್ ದಾಟುತ್ತದೆ. 230 ವೋಲ್ಟಿಗೆ 100 ಓಮ್ ಎಂದರೆ ಬರೀ 2.3 ಆಂಪ್, ಎಂಸಿಬಿ ಯಾವ ಕಾಲಕ್ಕೂ ಬೀಳದು. ಆದರೆ 30 ಮಿಲಿ ಆಂಪಿನ ಆರ್‌ಸಿಸಿಬಿ ಇದ್ದರೆ 500 ಓಮಿನ ರಾಡ್ ಕೂಡ ಅದನ್ನು ಬೀಳಿಸುತ್ತದೆ. ಎರಡೂ ಇದ್ದರೆ ಕೆಲಸ ನಡೆದೀತು, ರಾಡ್ ಒಂದೇ ಇದ್ದರೆ ಸುಮ್ಮನೆ ಧೈರ್ಯಕ್ಕೆ. ಸುತ್ತ ಒಂದೆರಡು ಕೊಡ ನೀರು ಸುರಿಯಿರಿ. ಹೊಡೆಯುವ ಮೊದಲು ಕೆಳಗೆ ಕೇಬಲ್, ಪೈಪ್ ಇಲ್ಲವೆಂದು ಕೇಳಿಕೊಳ್ಳಿ. ಹೀಗಿದ್ದರೂ ಮಕ್ಕಳಿರುವ ಗಾಡಿಗೆ ನಮ್ಮ ಸಲಹೆ, ಅರ್ಥ್ ಇಲ್ಲದ ಜಾಗದಲ್ಲಿ ನಿಲ್ಲದೆ ಮುಂದೆ ಹೋಗುವುದು.

ಇದನ್ನೆಲ್ಲ ಕತ್ತಲಲ್ಲಿ ನೋಡಲಾಗದು. ಮೈಸೂರಿಂದ ಹುಣಸೂರು, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಹಾದು ಮಂಗಳೂರಿಗೆ 250 ಕಿಲೋಮೀಟರಿನ ಆಸುಪಾಸು. ಘಾಟಿ ಇಳಿಯುವ ತೂಕದ ಗಾಡಿಗೆ ಏಳೆಂಟು ಗಂಟೆ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಏಳಕ್ಕೆ ಬಿಟ್ಟು ನಾಲ್ಕರೊಳಗೆ ಸೇರಿದರೆ, ಸರಿಯಿಲ್ಲದಿದ್ದಾಗ ಇನ್ನೊಂದು ಜಾಗ ಹುಡುಕಲು ಬೆಳಕಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಪ್ರವಾಸವೇ ಬೇಡ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯ ಮೇಲೆ ಗುಡ್ಡ ಕುಸಿದದ್ದು ಮರೆಯುವಂಥದ್ದಲ್ಲ.

ಯಾವ ಕಡೆ ಹುಡುಕಬೇಕು? ಉಳ್ಳಾಲ, ಸೋಮೇಶ್ವರದ ತೀರದಲ್ಲಿ ಕಡಲ್ಕೊರೆತದ ತೊಂದರೆ ಹಳೆಯದು. ಪಣಂಬೂರು, ಬೈಕಂಪಾಡಿಯಲ್ಲಿ ಬಂದರು, ಕಾರ್ಖಾನೆ, ಲಾರಿಗಳ ಸದ್ದು. ಸುರತ್ಕಲ್ ದಾಟಿ ಮುಕ್ಕ, ಸಸಿಹಿತ್ಲು ಕಡೆ ಶಾಂತವಾಗಿದೆ, ಆದರೆ ಹೆದ್ದಾರಿ ಬಿಟ್ಟು ಒಳಗೆ ಹೋಗುವ ದಾರಿಗಳು ಕಿರಿದು, ಎರಡೂ ಕಡೆ ಮುರಕಲ್ಲಿನ ಕಾಂಪೌಂಡು, ಮೇಲೆ ತಗ್ಗಿನಲ್ಲಿ ತೂಗುವ ವೈರು. ಚಾವಣಿ ಏಸಿ ಸೇರಿ ಗಾಡಿಯ ಎತ್ತರ 3 ಮೀಟರಿನ ಸುತ್ತ ಬರುತ್ತದೆ, ಟೇಪ್ ಹಿಡಿದು ಅಳೆದು ಡ್ಯಾಶ್‌ಬೋರ್ಡಿಗೆ ಬರೆದು ಅಂಟಿಸಿಕೊಳ್ಳಿ. ಕೇಳಿದರೆ ಹೇಳುವುದು, ಕಡಲಿಂದ ಎರಡು ಮೂರು ಕಿಲೋಮೀಟರ್ ಒಳಗೆ, ಗುಡ್ಡೆಯ ಮೇಲೆ ಜಲ್ಲಿ ಹಾಕಿದ ಅಂಗಳ ಇರುವ ಮನೆ. ಚಕ್ರ ಹೂಳುವುದಿಲ್ಲ, ಪ್ಲಗ್ಗಿಗೆ ಉಪ್ಪು ಕಡಿಮೆ. ಸಂಜೆ ಸಮುದ್ರಕ್ಕೆ ಆಟೋದಲ್ಲಿ ಹೋಗಿ ಬಂದರಾಯಿತು.

ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ, ನೆರಳು ಎಷ್ಟೇ ಚೆನ್ನಾಗಿದ್ದರೂ. ಸೋಲಾರ್ ಪ್ಯಾನೆಲ್ ಒಡೆಯಲು ಒಂದು ಕಾಯಿ ಸಾಕು. ಪಾತ್ರೆ ತೊಳೆದ ನೀರನ್ನು ಬಾವಿಯ ಹತ್ತಿರ ಬಿಡಬಾರದು, ಅಲ್ಲಿನ ಮನೆಗಳಿಗೆ ಕುಡಿಯುವ ನೀರು ಬರುವುದೇ ಬಾವಿಯಿಂದ. ಗಾಡಿಯ ಟಾಯ್ಲೆಟ್ಟಿನ ಕ್ಯಾಸೆಟ್ಟನ್ನು (ಮಲ ತುಂಬುವ ಡಬ್ಬಿ) ಅವರ ಕಮೋಡಿಗೆ ಸುರಿಯಬಹುದೇ ಎಂದು ಮೊದಲೇ ಕೇಳಿ, ಫಾರ್ಮಾಲ್ಡಿಹೈಡ್ ಇರುವ ದ್ರಾವಣವನ್ನಂತೂ ಹಾಕಲೇಬೇಡಿ, ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಸಾಯುತ್ತವೆ.

ಹೊರಡುವ ದಿನ ಮೊದಲು ಏಸಿ, ಫ್ರಿಜ್ಜು ಆರಿಸಿ. ಆಮೇಲೆ ಗಾಡಿಯ ಎಂಸಿಬಿ. ನಂತರ ಗೋಡೆಯ ಸ್ವಿಚ್ಚು ಆರಿಸಿ ಅಲ್ಲಿಯ ಪ್ಲಗ್ಗು ತೆಗೆಯಿರಿ, ಕೊನೆಗೆ ಗಾಡಿಯ ಕಡೆಯದ್ದು. ಗೋಡೆಯಿಂದ ತೆಗೆದ ಪ್ಲಗ್ಗನ್ನು ಅಂಗೈಯಲ್ಲಿ ಹಿಡಿದು ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಮುಂದಿನ ಊರಿಗೆ ಹೋಗುವ ಮೊದಲು ಆ ಪ್ಲಗ್ ಕತ್ತರಿಸಿ ಹೊಸದು ಹಾಕಿಸಿ.