ಎಂಜಿನಿಯರಿಂಗ್ ಬಯಾಲಜಿಗೆ ಸರ್ಕಾರದ ಹಣ ಏಕೆ ಬೇಕು?

ಪ್ರಶ್ನೆ: ಎಂಜಿನಿಯರಿಂಗ್ ಬಯಾಲಜಿಯ ಮೂಲಕ, ಅಂದರೆ ಸೂಕ್ಷ್ಮಜೀವಿಗಳ ವಂಶವಾಹಿಗಳನ್ನು ಮಾರ್ಪಡಿಸಿ, ಔಷಧ, ಇಂಧನಗಳನ್ನು ತಯಾರಿಸುವ ಕಂಪನಿಗಳಿಗೆ ಲಾಭ ಬರುವುದಾದರೆ, ಸಂಶೋಧನೆಯ ವೆಚ್ಚವನ್ನೂ ಅವೇ ಭರಿಸಬಹುದಲ್ಲವೇ? ತೆರಿಗೆದಾರರ ಹಣ ಏಕೆ ಬೇಕು?

ಉತ್ತರ: ಲಾಭ ಬರುವುದು ಕೊನೆಯ ಹಂತದಲ್ಲಿ. ಅದಕ್ಕೂ ಮೊದಲಿನ ಹಂತಗಳಲ್ಲಿ ಹಾಕಿದ ಹಣ ಹಾಕಿದವರಿಗೇ ಮರಳುತ್ತದೆ ಎನ್ನುವಂತಿಲ್ಲ. 1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಬ್ಯಾಕ್ಟೀರಿಯಾದೊಳಗೆ ಹೊರಗಿನ ಡಿಎನ್‌ಎ ಸೇರಿಸುವ ವಿಧಾನವನ್ನು ರೂಪಿಸಿದ್ದು ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ, ಸರ್ಕಾರಿ ಅನುದಾನದ ನೆರವಿನಿಂದ. ಅದೇ ವಿಧಾನದಿಂದ ತಯಾರಾದ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1982ರಲ್ಲಿ.

ಮೂಲ ಸಂಶೋಧನೆಗೆ ಅನುದಾನ ಬೇಕೆಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚು ಅನಾಥವಾಗಿರುವುದು ಪ್ರಯೋಗಾಲಯಕ್ಕೂ ಕಾರ್ಖಾನೆಗೂ ನಡುವಿನ ಹಂತ. ಫ್ಲಾಸ್ಕಿನಲ್ಲಿ ಚೆನ್ನಾಗಿ ಬೆಳೆಯುವ ಯೀಸ್ಟ್, ಸಾವಿರಾರು ಲೀಟರಿನ ಫರ್ಮೆಂಟರ್‌ನಲ್ಲಿ (ಸೂಕ್ಷ್ಮಜೀವಿಗಳನ್ನು ಬೆಳೆಸುವ ದೊಡ್ಡ ತೊಟ್ಟಿಯಲ್ಲಿ) ಹಾಗೆಯೇ ವರ್ತಿಸುವುದಿಲ್ಲ: ಅಲ್ಲಿ ಆಮ್ಲಜನಕ ಎಲ್ಲ ಕಡೆಗೂ ಸಮನಾಗಿ ತಲುಪುವುದಿಲ್ಲ, ಉತ್ಪತ್ತಿಯಾದ ಶಾಖವನ್ನು ಹೊರಹಾಕುವುದು ಕಷ್ಟವಾಗುತ್ತದೆ, ಮತ್ತು ನಾವು ಹೊರಿಸಿದ ಹೆಚ್ಚುವರಿ ಕೆಲಸವನ್ನು ವಂಶವಾಹಿಯಲ್ಲಿ ತಾನಾಗಿ ಆದ ಬದಲಾವಣೆಯಿಂದ ಕೈಬಿಟ್ಟ ಕೋಶಗಳು ವೇಗವಾಗಿ ಬೆಳೆದು ಉಳಿದವನ್ನು ಹಿಂದಿಕ್ಕುತ್ತವೆ.

ಮಲೇರಿಯಾ ಔಷಧವಾದ ಆರ್ಟೆಮಿಸಿನಿನ್‌ನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ವಿಜ್ಞಾನಿ ಜೇ ಕೀಸ್ಲಿಂಗ್ ಅವರ ತಂಡ 2006ರಲ್ಲಿ ಯೀಸ್ಟ್‌ನಿಂದ ಪಡೆದ ಆರ್ಟೆಮಿಸಿನಿಕ್ ಆಮ್ಲ (ಇದರಿಂದಲೇ ಆರ್ಟೆಮಿಸಿನಿನ್ ತಯಾರಿಸುತ್ತಾರೆ) ಲೀಟರಿಗೆ ಸುಮಾರು 100 ಮಿಲಿಗ್ರಾಂ. 2013ರ ವೇಳೆಗೆ ಅದು 25 ಗ್ರಾಂ ತಲುಪಿತು. ಈ ದೀರ್ಘ ಕೆಲಸದ ಭಾರವನ್ನು ಬಹುಮಟ್ಟಿಗೆ ಹೊತ್ತಿದ್ದು ಗೇಟ್ಸ್ ಪ್ರತಿಷ್ಠಾನದ ದೇಣಿಗೆ. ಮಲೇರಿಯಾ ಪೀಡಿತ ಬಡವರು ಲಾಭ ತರುವ ಗ್ರಾಹಕರಲ್ಲವಾದ್ದರಿಂದ ಮಾರುಕಟ್ಟೆ ತಾನಾಗಿ ಮುಂದೆ ಬರುವಂತಿರಲಿಲ್ಲ. ಎಲ್ಲ ಉತ್ಪನ್ನಕ್ಕೂ ಅಂಥ ದಾನಿ ಸಿಗುವುದಿಲ್ಲ. ಅಷ್ಟಾದರೂ, ಗಿಡದಿಂದ ತೆಗೆದ ಆರ್ಟೆಮಿಸಿನಿನ್ ಅಗ್ಗವಾದಾಗ ಯೀಸ್ಟ್‌ನದು ಪೈಪೋಟಿಯಲ್ಲಿ ಹಿಂದೆ ಬಿತ್ತು. ತಾಂತ್ರಿಕ ಯಶಸ್ಸೊಂದೇ ಸಾಲದು.

ಆದ್ದರಿಂದಲೇ ಹಲವು ಸಣ್ಣ ಕಂಪನಿಗಳು ಬಾಡಿಗೆಗೆ ಬಳಸಬಹುದಾದ ಪ್ರಾಯೋಗಿಕ ಉತ್ಪಾದನಾ ಘಟಕಗಳಿಗೆ ಸಾರ್ವಜನಿಕ ಹಣ ತೊಡಗಿಸುವುದು ಸೂಕ್ತವೆನಿಸುತ್ತದೆ. ಅಂಥ ಘಟಕವನ್ನು ಪ್ರತಿ ಕಂಪನಿಯೂ ಸ್ವಂತವಾಗಿ ಕಟ್ಟಿಕೊಳ್ಳಲಾರದು. ಅಳತೆಯ ಮಾನದಂಡಗಳು, ಸುರಕ್ಷತಾ ಅಧ್ಯಯನಗಳೂ ಇದೇ ಬಗೆಯವು: ಪ್ರಯೋಜನ ಎಲ್ಲರಿಗೂ ಸಿಗುವುದರಿಂದ ಯಾರೊಬ್ಬರೂ ಖರ್ಚು ಹೊರಲು ಮುಂದಾಗುವುದಿಲ್ಲ.

ಬ್ರಿಟನ್ 2023ರ ಡಿಸೆಂಬರ್‌ನಲ್ಲಿ ಈ ಕ್ಷೇತ್ರಕ್ಕೆ 10 ವರ್ಷಗಳಲ್ಲಿ 200 ಕೋಟಿ ಪೌಂಡ್ ತೊಡಗಿಸುವ ಗುರಿಯನ್ನು ಪ್ರಕಟಿಸಿತು. ಅಮೆರಿಕದ 2022ರ ಚಿಪ್ಸ್ ಮತ್ತು ವಿಜ್ಞಾನ ಕಾಯಿದೆ, ಈ ಕ್ಷೇತ್ರದಲ್ಲಿ ಬೇರೆ ಬೇರೆ ಇಲಾಖೆಗಳ ಸಂಶೋಧನೆಯನ್ನು ಒಟ್ಟುಗೂಡಿಸುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅವಕಾಶ ಕಲ್ಪಿಸಿ, ನೈತಿಕ ಹಾಗೂ ಪರಿಸರ ಸಂಬಂಧಿ ಪ್ರಶ್ನೆಗಳ ಅಧ್ಯಯನವನ್ನೂ ಅದರಲ್ಲಿ ಸೇರಿಸಿದೆ. ಆದರೆ ಇಂಥ ಕಾಯಿದೆ ಜಾರಿಯಾದ ಮಾತ್ರಕ್ಕೆ ಹಣ ಬಿಡುಗಡೆಯಾಗುವುದಿಲ್ಲ. ಅಮೆರಿಕದ ಸಂಸತ್ತು ಅದನ್ನು ವರ್ಷ ವರ್ಷವೂ ಪ್ರತ್ಯೇಕವಾಗಿ ಮಂಜೂರು ಮಾಡಬೇಕು. ಫರ್ಮೆಂಟರ್ ಕೊಳ್ಳಲು ಒಮ್ಮೆ ಹಣ ಕೊಟ್ಟು, ಅದನ್ನು ನಡೆಸುವ ನುರಿತ ಸಿಬ್ಬಂದಿಯ ಸಂಬಳಕ್ಕೆ ಮರುವರ್ಷ ಕೊಡದಿದ್ದರೆ ಆ ಘಟಕ ಯಾವ ಕಂಪನಿಯ ಉಪಯೋಗಕ್ಕೂ ಬಾರದು.