ಚೂಪು ಮೂತಿ ಗುಂಡಿಗೂ ಹಳೇ ಲಿವರ್ ರೈಫಲ್‌ಗೂ ಯಾಕೆ ಆಗಿಬರಲ್ಲ

ಎಲೆಕ್ಷನ್ ಬಂತಂದ್ರೆ ನಮ್ಮ ತುಮಕೂರು ಜಿಲ್ಲೇಲಿ ಲೈಸೆನ್ಸ್ ಇರೋರಿಗೆ ಬಂದೂಕು ತಂದು ಡೆಪಾಸಿಟ್ ಮಾಡಿ ಅಂತ ಸ್ಟೇಷನ್‌ನಿಂದ ನೋಟಿಸ್ ಬರುತ್ತೆ. ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯಿಂದ ಬರೋವು ಹೆಚ್ಚಾಗಿ ಹಂದಿ ಕಾಟಕ್ಕೆ, ಬೆಳೆ ಕಾಯೋಕೆ ಅಂತ ಇಟ್ಕೊಂಡಿರೋ ಒಂಟಿ ನಳಿಗೆ, ಜೋಡಿ ನಳಿಗೆ ಬಂದೂಕುಗಳೇ. ಜೋಡಿ ನಳಿಗೇಲಿ ತೋಟಾ ಅಕ್ಕಪಕ್ಕ ಕೂರುತ್ವೆ, ಒಂದರ ಬೆನ್ನಿಗೆ ಇನ್ನೊಂದು ಕೂರಲ್ಲ, ಹಂಗಾಗಿ ಈ ಚೂಪು ಮೂತಿ ತಕರಾರು ನಮ್ಮ ಹಳ್ಳಿ ಕಡೆ ಯಾವತ್ತೂ ಬಂದಿದ್ದೇ ಇಲ್ಲ. ಈಗ ಹುಡುಗ್ರು ಮೊಬೈಲಲ್ಲಿ ಅಮೆರಿಕದ ವಿಡಿಯೋ ನೋಡಿ "ಅಣ್ಣ, ಹಳೇ ವಿಂಚೆಸ್ಟರ್‌ಗೆ ಚೂಪು ಗುಂಡು ಹಾಕಿದ್ರೆ ಒಳಗೇ ಸಿಡಿಯುತ್ತಂತೆ, ಹೌದಾ?" ಅಂತ ಕೇಳ್ತಾರೆ.

ವಿಂಚೆಸ್ಟರ್ ಅಂದ್ರೆ ಅಮೆರಿಕದ ಹಳೇ ಲಿವರ್ ರೈಫಲ್, ಟ್ರಿಗರ್ ಹತ್ರ ಇರೋ ಹಿಡಿಕೆ (ಅದೇ ಲಿವರ್) ಕೆಳಕ್ಕೆಳೆದು ಮುಂದಿನ ತೋಟಾ ತುಂಬೋದು. ಸಿಡೀಬಹುದು, ಆದ್ರೆ ತಪ್ಪು ಲಿವರ್‌ದಲ್ಲ, ತೋಟಾ ಇಡೋ ಟ್ಯೂಬ್‌ದು.

1860ರ ಹೆನ್ರಿ ರೈಫಲ್‌ನಿಂದ ಶುರು ಮಾಡೋಣ. ನಳಿಗೆ ಕೆಳಗೆ ಅಷ್ಟೇ ಉದ್ದದ ಒಂದು ಕೊಳವೆ, ಅದರೊಳಗೆ ತೋಟಾಗಳು ಸಾಲಾಗಿ, ಒಂದರ ಮೂತಿ ಮುಂದಿನದರ ತಳಕ್ಕೆ ತಾಗ್ಕೊಂಡು, ಸ್ಪ್ರಿಂಗ್ ಒತ್ತಡದಲ್ಲಿ ಕೂತಿರ್ತವೆ. ಆವಾಗ ಏನೂ ತೊಂದ್ರೆ ಇರ್ಲಿಲ್ಲ, ಯಾಕಂದ್ರೆ ಆ ತೋಟಾ ಹೊತ್ಕೊಳ್ಳೋ ಮದ್ದು ತಳದ ಅಂಚಲ್ಲಿರೋದು, ನಡುವೆ ಏನು ತಾಗಿದ್ರೂ ನಡೀತಿತ್ತು. 1873ರ ವಿಂಚೆಸ್ಟರ್ ಬಂದಾಗ ಆ ಹೊತ್ಕೊಳ್ಳೋ ಮದ್ದು ಒಂದು ಪುಟ್ಟ ಬಟ್ಟಲಲ್ಲಿ, ಅಂದ್ರೆ ಕ್ಯಾಪಲ್ಲಿ, ತಳದ ಮಧ್ಯಕ್ಕೆ ಬಂತು. ಅಂದ್ರೆ ಹಿಂದಿನ ಗುಂಡಿನ ಮೂತಿ ಈಗ ನೇರ ಕ್ಯಾಪ್ ಮೇಲೆ. ಆದ್ರೂ ನಡೀತು, ಗುಂಡಿನ ಮೂತಿ ಚಪ್ಪಟೆ ಇತ್ತಲ್ಲ.

ಕುತ್ತಿಗೆಗೆ ಬಂದಿದ್ದು ಚೂಪು ಗುಂಡು ಬಂದ್ಮೇಲೆ. ಮೊದಲು ಸಿಕ್ಕಾಕೊಂಡೋರು ಅಮೆರಿಕದೋರಲ್ಲ, ಫ್ರೆಂಚರು. ಅವರ 1886ರ ಲೆಬೆಲ್ ಸೈನ್ಯದ ರೈಫಲ್, ಚಿಲಕದ ತರ ಬೋಲ್ಟ್ ಎಳೆಯೋದೇ ಹೊರತು ಲಿವರ್ ಅಲ್ಲ, ಆದ್ರೆ ಮ್ಯಾಗಜೀನ್, ಅಂದ್ರೆ ತೋಟಾ ಇಡೋ ಜಾಗ, ಮಾತ್ರ ಇದೇ ಟ್ಯೂಬು, ಎಂಟು ತೋಟಾ. 1898ರಲ್ಲಿ ದೂರ ಹೋಗ್ಲಿ ಅಂತ ಬಾಲ್ ಡಿ ಅನ್ನೋ ಚೂಪು ಗುಂಡು ಮಾಡಿದ್ರು, ಟ್ಯೂಬಲ್ಲಿ ಅನಾಹುತ ಆಗ್ಬಾರ್ದು ಅಂತ ಅದರ ತೋಟಾ ತಳದಲ್ಲಿ ಕ್ಯಾಪ್ ಸುತ್ತ ಒಂದು ಉಂಗುರದಂಥ ತೋಡು ಇರ್ತಿತ್ತು. ಹಿಂದಿನ ಗುಂಡಿನ ಮೊನೆ ಜಾರಿ ಆ ತೋಡಲ್ಲಿ ಕೂರ್ಬೇಕು, ಕ್ಯಾಪ್ ಮುಟ್ಟಬಾರ್ದು. ಸೈನ್ಯ ತನಗೆ ಬೇಕಾದ ತೋಟಾ ತಾನೇ ಮಾಡಿಸ್ಕೊಳ್ಳುತ್ತೆ, ಅಂಗಡಿಗೆ ಹೋಗಿ ಡಬ್ಬಿ ಕೊಳ್ಳೋ ಬೇಟೆಗಾರನಿಗೆ ಆ ಭಾಗ್ಯ ಎಲ್ಲಿ?

ನಿಜವಾದ ಅಪಾಯ ಗುಂಡು ಹಾರಿದ ಕ್ಷಣದಲ್ಲಿ. ರೈಫಲ್ ಹಿಂದಕ್ಕೆ ಒದೆಯುತ್ತೆ, ಟ್ಯೂಬೊಳಗಿನ ತೋಟಾಗಳು ಇದ್ದಲ್ಲೇ ಇರೋಕೆ ನೋಡ್ತವೆ, ಸ್ಪ್ರಿಂಗ್ ಅದುಮಿ ಬಿಚ್ಚಿ ಎಲ್ಲ ಒಂದಕ್ಕೊಂದು ಕುಟ್ಕೊಳ್ತವೆ. ಮೊನೆ ಗಟ್ಟಿ ಇದ್ರೆ ಅದೇ ಕ್ಯಾಪ್ ಕುಟ್ಟೋ ಮೊಳೆ, ಅಂದ್ರೆ ಫೈರಿಂಗ್ ಪಿನ್ ಆಗೋಯ್ತು. ಪ್ರತಿ ಸಲ ಹಿಂಗಾಗುತ್ತೆ ಅಂತಲ್ಲ, ಆದ್ರೆ ಆದಾಗ ನಿಮ್ಮ ಎಡಗೈ ಹಿಡಿದಿರೋದು ಸರಿಯಾಗಿ ಆ ಟ್ಯೂಬ್ ಮೇಲೆಯೇ.

ಅದಕ್ಕೇ 1894ರ ವಿಂಚೆಸ್ಟರ್, ಆಮೇಲಿನ ಮಾರ್ಲಿನ್ 336 ಇವಕ್ಕೆಲ್ಲ .30-30 ತೋಟಾ ಚಪ್ಪಟೆ ಅಥವಾ ಮೊಂಡು ಮೂತೀಲೇ ಉಳ್ಕೊಂತು. ಮೊಂಡು ಗುಂಡು ಗಾಳಿಗೆ ಬೇಗ ಸ್ಪೀಡ್ ಕಳ್ಕೊಳ್ಳುತ್ತೆ, ಆದ್ರೆ ಕಾಡಲ್ಲಿ ನೂರು ಗಜದೊಳಗೆ ಜಿಂಕೆ ಹೊಡೆಯೋನಿಗೆ ಅದರಿಂದ ಏನೂ ನಷ್ಟ ಇಲ್ಲ.

ಲಿವರ್ ಇದ್ರೂ ಚೂಪು ಗುಂಡು ನುಂಗೋ ರೈಫಲ್‌ಗಳೂ ಆವಾಗ್ಲೇ ಬಂದಿದ್ವು, ಇದನ್ನ ಬಹಳ ಜನ ಮರೀತಾರೆ. ಜಾನ್ ಬ್ರೌನಿಂಗ್ ಮಾಡಿದ 1895ರ ವಿಂಚೆಸ್ಟರ್‌ಗೆ ಟ್ಯೂಬೇ ಇಲ್ಲ, ಹೊಟ್ಟೆ ಕೆಳಗೆ ಪೆಟ್ಟಿಗೆ ಮ್ಯಾಗಜೀನು, ತೋಟಾ ಒಂದರ ಮೇಲೊಂದು. ಸ್ಯಾವೇಜ್ 1899ರಲ್ಲಿ ತಿರುಗೋ ಮ್ಯಾಗಜೀನು. ನಮ್ಮ ಕಡೆ ಶಿಕಾರಿ ಮಾತು ಬಂದ್ರೆ ಹೆಸರು ಬರೋ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಲಿದ್ದದ್ದು ಇದೇ 1895ರ ಮಾಡೆಲ್, .405 ವಿಂಚೆಸ್ಟರ್. ಹಂಗಾಗಿ "ಲಿವರ್ ಆಕ್ಷನ್‌ಗೆ ಚೂಪು ಹಾಕಂಗೇ ಇಲ್ಲ" ಅನ್ನೋದು ಅರ್ಧ ನಿಜ. ಮೊದ್ಲು ಮ್ಯಾಗಜೀನ್ ನೋಡಿ, ಆಮೇಲೆ ಮಾತಾಡಿ.

ಟ್ಯೂಬ್‌ನೋರಿಗೆ ದಾರಿ ಸಿಕ್ಕಿದ್ದು 2000ರ ದಶಕದ ನಡುವೆ, ಹಾರ್ನಡಿ ಕಂಪನಿ ಲೆವರೆವಲ್ಯೂಷನ್ ಅಂತ ತಂದಾಗ. ಗುಂಡು ಚೂಪೇ, ಆದ್ರೆ ಮೊನೆ ಮೆತ್ತಗೆ ರಬ್ಬರ್ ತರ, ಉಗುರಲ್ಲಿ ಒತ್ತಿದ್ರೆ ಬಗ್ಗುತ್ತೆ, ಕ್ಯಾಪ್ ಮೇಲೆ ಬಿದ್ರೂ ಹೊತ್ತಿಸೋ ಏಟು ಕೊಡಲ್ಲ. ಎಲ್ಲಾ ಪ್ಲಾಸ್ಟಿಕ್ ಮೊನೆ ಗುಂಡೂ ಹಿಂಗೇ ಅಂದ್ಕೋಬೇಡಿ, ಬೇರೆ ಬಹಳಷ್ಟು ಗಟ್ಟಿ ಪ್ಲಾಸ್ಟಿಕ್, ಅವು ಟ್ಯೂಬಿಗಲ್ಲ.

ಇನ್ನೊಂದು, ನನ್ ಪ್ರಕಾರ ಇದೇ ಜಾಸ್ತಿ ಮುಖ್ಯ: ಮೊನೆ ಮೆತ್ತಗಾದ ಮಾತ್ರಕ್ಕೆ ಪ್ರೆಷರ್ ಮೆತ್ತಗಾಗಲ್ಲ. ಕಪ್ಪು ಮದ್ದಿನ ಕಾಲದ ರೈಫಲ್‌ಗೆ, ಅದರಲ್ಲೂ ಹಿತ್ತಾಳೆ ಬಾಡಿಯ 1866ರ ಮಾಡೆಲ್‌ಗಳಿಗೆ, ಈಗಿನ ಹೊಗೆಯಿಲ್ಲದ ಮದ್ದಿನ ಜೋರು ತೋಟಾ ಹಾಕೋದು ಹುಚ್ಚುತನ. ಮೂತಿ ಯಾವುದೇ ಇರ್ಲಿ.

ನಮ್ಮಲ್ಲಿ ಲೈಸೆನ್ಸ್ ಮೇಲೆ ಸಾಮಾನ್ಯವಾಗಿ ಕಾಣೋ ರೈಫಲ್ ಸರ್ಕಾರಿ ಆರ್ಡ್‌ನನ್ಸ್ ಫ್ಯಾಕ್ಟರಿಯ .315, ಅದು ಬೋಲ್ಟು, ಪೆಟ್ಟಿಗೆ ಮ್ಯಾಗಜೀನು, ಈ ತಕರಾರೇ ಇಲ್ಲ. ಯಾರ ಮನೇಲಾದ್ರೂ ತಾತನ ಕಾಲದ ಟ್ಯೂಬ್ ರೈಫಲ್ ಲೈಸೆನ್ಸ್ ಸಮೇತ ಉಳಿದಿದ್ರೆ ನಳಿಗೆ ಮೇಲೆ ಕೊರೆದಿರೋ ತೋಟಾ ಹೆಸರು ಓದಿ, ಗನ್‌ಸ್ಮಿತ್‌ಗೆ ತೋರಿಸಿ, ಅವನು ಸರಿ ಅಂದ್ರೆ ಮೊಂಡು ಮೂತೀದೇ ಹಾಕಿ.