ಒಂದು ಸಲ ಕುಡಿದರೆ ಎಲ್ಲಾ ಮುಗೀತಾ?

ಕುಡಿತ ಬಿಟ್ಟವರು ಮತ್ತೆ ಕುಡಿದರೆ ನಮ್ಮಲ್ಲಿ ಕೇಳಿಬರುವ ಮಾತು ಒಂದೇ: "ಹಳೇ ಚಾಳಿಗೆ ಬಿದ್ದ." ಮದುವೆ ಮನೆಯಲ್ಲಿ ಒಂದು ಪೆಗ್ ಹಾಕಿದವರಿಗೂ ಅದೇ ಮಾತು. ತಿಂಗಳಿಂದ ದಿನಾ ಬೆಳಿಗ್ಗೆಯೇ ಶುರು ಮಾಡುವವರಿಗೂ ಅದೇ ಮಾತು. ಚಿಕಿತ್ಸೆ ಕೊಡುವ ನಾವು ಇವೆರಡಕ್ಕೂ ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದೇವೆ. ಮೊದಲನೆಯದು ಲ್ಯಾಪ್ಸ್, ಅಂದರೆ ಒಂದು ಸಲ ಕಾಲು ಜಾರಿದ್ದು. ಎರಡನೆಯದು ರಿಲ್ಯಾಪ್ಸ್, ಅಂದರೆ ಮೊದಲು ಹೇಗೆ ಕುಡಿಯುತ್ತಿದ್ದರೋ ಹಾಗೇ ಕುಡಿಯತೊಡಗಿದ್ದು. ಆಸ್ಪತ್ರೆಗಳಲ್ಲೂ ಎಷ್ಟೋ ಸಲ ಎರಡಕ್ಕೂ ರಿಲ್ಯಾಪ್ಸ್ ಅಂತಲೇ ಬರೆದುಬಿಡುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ಮೊದಲನೆಯದು ಎರಡನೆಯದಾಗಲು ಸ್ವಲ್ಪ ಸಮಯ ಹಿಡಿಯುತ್ತದೆ. ಕೆಲವರಿಗೆ ಎರಡು ದಿನ, ಕೆಲವರಿಗೆ ಎರಡು ವಾರ. ಮಾಡಬೇಕಾದ ಕೆಲಸವೆಲ್ಲ ಇರುವುದು ಆ ನಡುವಿನ ದಿನಗಳಲ್ಲೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಈ ನಡುವಿನ ದಿನಗಳ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದರು. ಬಿಟ್ಟವರನ್ನು ಮತ್ತೆ ಪೂರ್ತಿ ಎಳೆದೊಯ್ಯುವುದು ಆ ಮೊದಲ ಗ್ಲಾಸಿಗಿಂತ ಜಾಸ್ತಿ, ಗ್ಲಾಸು ಇಳಿಸಿದ ಮೇಲೆ ಬರುವ ಯೋಚನೆ ಅಂತ ಅವರು ಹೇಳಿದರು. "ಹೇಗೂ ಕೆಟ್ಟೆ, ಇನ್ನೇನು ಉಳೀತು" ಅನ್ನುವ ಯೋಚನೆ ಅದು. ನಮ್ಮವರ ಮಾತಲ್ಲಿ, ಮುಳುಗಿದವನಿಗೆ ಚಳಿಯೇನು ಮಳೆಯೇನು. ಅದೇ ಹೊತ್ತಿಗೆ ಮನೆಯವರೂ "ನಾಯಿ ಬಾಲ ಡೊಂಕೇ" ಅಂದುಬಿಟ್ಟರೆ ಆ ಯೋಚನೆಗೆ ಮೊಹರು ಒತ್ತಿದ ಹಾಗಾಗುತ್ತದೆ.

ಗಾರೆ ಕೆಲಸದವರೊಬ್ಬರು ಹೆಂಡತಿ ಜೊತೆ ಬಂದಿದ್ದರು. ನಾಲ್ಕು ತಿಂಗಳಿಂದ ಕುಡಿದಿರಲಿಲ್ಲ. ಅವರು ತಲೆ ತಗ್ಗಿಸಿ ಕೂತಿದ್ದರು, ಮಾತೆಲ್ಲ ಆಯಮ್ಮನದೇ. "ಎಲ್ಲಾ ಹೋಯ್ತು ಡಾಕ್ಟ್ರೇ. ನಾಲ್ಕು ತಿಂಗಳು ಮಣ್ಣುಪಾಲಾಯ್ತು."

"ಯಾವತ್ತು ಕುಡಿದ್ರಿ?" ಅಂತ ಅವರನ್ನೇ ಕೇಳಿದೆ.

"ಮೋಲ್ಡ್ ಹಾಕಿದ ದಿನ. ಓನರ್ ಎಲ್ರಿಗೂ ಬಿರಿಯಾನಿ ಕೊಡ್ಸಿದ್ರು, ಎಣ್ಣೆನೂ ಕೊಡ್ಸಿದ್ರು."

"ಎಷ್ಟು?"

"ಒಂದು ಕ್ವಾರ್ಟರ್."

"ಮಾರನೇ ದಿನ?"

"ಇಲ್ಲ. ಭಯ ಆಯ್ತು."

ಇನ್ನಷ್ಟು ಕೇಳಿದಾಗ ಒಂದೊಂದೇ ಹೊರಗೆ ಬಂತು. ಬೆಳಿಗ್ಗೆಯಿಂದ ಟೀ ಬಿಟ್ಟು ಏನೂ ಹೊಟ್ಟೆಗೆ ಬಿದ್ದಿರಲಿಲ್ಲ. ಕುಡಿಯುವ ಆಸೆ ತಗ್ಗಿಸುವ ಮಾತ್ರೆಯನ್ನು "ಸರಿ ಹೋದೆನಲ್ಲ" ಅಂತ ಹದಿನೈದು ದಿನ ಮೊದಲೇ ನಿಲ್ಲಿಸಿದ್ದರು. ಅವತ್ತು ಬಟವಾಡೆ ಆಗಿ ಜೇಬಲ್ಲಿ ದುಡ್ಡೂ ಇತ್ತು. ಹಸಿವು, ಮಾತ್ರೆ ಇಲ್ಲ, ಜೇಬಲ್ಲಿ ದುಡ್ಡು, ಸುತ್ತ ಕುಡಿಯುವ ಹತ್ತು ಜನ. ಇಷ್ಟೂ ಒಟ್ಟಿಗೆ ಸೇರಿದರೆ ಎಂಥವರಿಗಾದರೂ ಕಷ್ಟ, ಅಲ್ವಾ? ನನ್ನ ಲೆಕ್ಕದಲ್ಲಿ ಅವರು ನಾಲ್ಕು ತಿಂಗಳಲ್ಲಿ ಕುಡಿದದ್ದು ಒಂದು ದಿನ. ಉಳಿದ ದಿನಗಳು ಎಲ್ಲಿಗೂ ಹೋಗಿಲ್ಲ. ಅಲ್ಲೇ ಕೂತು ನಾವು ಮೂವರೂ ಮುಂದಿನದನ್ನು ಮಾತಾಡಿಕೊಂಡೆವು. ಮಾತ್ರೆ ಅವತ್ತಿಂದಲೇ ಮತ್ತೆ ಶುರು. ಮೇಸ್ತ್ರಿಗೆ ಮೊದಲೇ ಹೇಳಿಟ್ಟು, ಕಾಂಕ್ರೀಟ್ ಮುಗಿದ ಕೂಡಲೇ ಸೈಟಿನಿಂದ ಹೊರಡುವುದು. ಬಟವಾಡೆ ನೇರವಾಗಿ ಹೆಂಡತಿಯ ಬ್ಯಾಂಕ್ ಖಾತೆಗೆ.

ಹಳೇ ಅಭ್ಯಾಸ ಪೂರ್ತಿ ಅಳಿಸಿ ಹೋಗುವುದಿಲ್ಲ. ಮೆದುಳು ಹೊಸದನ್ನು ಕಲಿಯುತ್ತದೆ, ಹಳೆಯದು ಅದರ ಕೆಳಗೆ ಹಾಗೇ ಇರುತ್ತದೆ. ಅದನ್ನು ಎಬ್ಬಿಸುವುದು ಜಾಗ, ಜೊತೆಗಾರರು, ಹೊತ್ತು. ಇದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ವಿಯೆಟ್ನಾಂ ಯುದ್ಧದ ಕಾಲದಲ್ಲಿ. ಅಲ್ಲಿ ಎಷ್ಟೋ ಅಮೆರಿಕನ್ ಸೈನಿಕರು ಹೆರಾಯಿನ್‌ಗೆ ದಾಸರಾಗಿದ್ದರು. ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಊರಿಗೆ ಮರಳಿದವರನ್ನು ಹುಡುಕಿ ಮಾತಾಡಿಸಿದರು. ಅಲ್ಲಿ ದಾಸರಾಗಿದ್ದವರಲ್ಲಿ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ಶೇ. 5ರಷ್ಟು ಮಾತ್ರ. ಜಾಗ ಬದಲಾಗಿತ್ತು, ಜೊತೆಗಿದ್ದವರು ಬದಲಾಗಿದ್ದರು.

ನಮ್ಮಲ್ಲಿ ಇದನ್ನು ಅಯ್ಯಪ್ಪನ ಮಾಲೆಯಲ್ಲಿ ನೋಡಬಹುದು. ಮಾಲೆ ಹಾಕಿದವರು 41 ದಿನ ಮುಟ್ಟುವುದಿಲ್ಲ. ಬಟ್ಟೆ ಬೇರೆ, ಊಟ ಬೇರೆ, ಮಲಗುವ ಚಾಪೆ ಬೇರೆ. ಎಲ್ಲರೂ "ಸ್ವಾಮಿ" ಅಂತ ಕರೆಯುತ್ತಾರೆ, "ಬಾ, ಒಂದು ಹಾಕೋಣ" ಅಂತ ಯಾರೂ ಕರೆಯುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮರುದಿನ ಹಳೇ ಶರ್ಟು, ಹಳೇ ಗೆಳೆಯರು, ಹಳೇ ಸಂಜೆ. ಆಗ ಕುಡಿದರೆ ಭಕ್ತಿ ಸುಳ್ಳು ಅಂತ ಜನ ಆಡಿಕೊಳ್ಳುತ್ತಾರೆ. ಭಕ್ತಿ ಸುಳ್ಳಲ್ಲ. ಆ 41 ದಿನ ಅವರನ್ನು ಕಾದ ವ್ಯವಸ್ಥೆ ಒಂದೇ ದಿನದಲ್ಲಿ ಕಳಚಿತು, ಅಷ್ಟೇ. ಮಾಲೆ ತೆಗೆಯುವ ವಾರ ನಮ್ಮ ಹತ್ತಿರ ಬನ್ನಿ ಅಂತ ನಾನು ಮೊದಲೇ ಹೇಳಿ ಕಳಿಸುತ್ತೇನೆ. ಇನ್ನೊಂದು ಮಾತು: ದಿನಾ ಜಾಸ್ತಿ ಕುಡಿಯುವವರು ಮಾಲೆಗೆ ಅಂತ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಕೈ ನಡುಕ, ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದ ಮಾತು. ಇದರಿಂದ ಜೀವ ಹೋಗುವುದೂ ಉಂಟು. ಮಾಲೆ ಹಾಕುವ ಮುಂಚೆಯೇ ಡಾಕ್ಟರನ್ನು ಕಾಣಬೇಕು.

ಬಿಪಿ ಇರುವವರು ಉಪ್ಪಿನಕಾಯಿ ತಿಂದು, ಮಾತ್ರೆ ಬಿಟ್ಟು, ಬಿಪಿ ಏರಿಸಿಕೊಂಡು ಬಂದರೆ ಯಾರೂ ಅವರನ್ನು ಹಾಳಾದವರು ಅನ್ನುವುದಿಲ್ಲ. ವ್ಯಸನದ ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಜನ ವರ್ಷದೊಳಗೆ ಮತ್ತೆ ಮುಟ್ಟುತ್ತಾರೆ ಅಂತ 2000ದಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನ ಹೇಳಿತು. ಬಿಪಿ, ಆಸ್ತಮಾ ಕಾಯಿಲೆ ಮತ್ತೆ ಮತ್ತೆ ಮರುಕಳಿಸುವುದು ಅದಕ್ಕಿಂತ ಕಡಿಮೆಯೇನೂ ಅಲ್ಲ ಅಂತಲೂ ಅದರಲ್ಲೇ ಇತ್ತು.

ಮನೆಯವರಿಗೆ ನನ್ನ ಎರಡು ಬೇಡಿಕೆ. ಒಂದು, ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸಬೇಡಿ. ಆಣೆ ಮುರಿದವರು ಅದನ್ನು ಮುಚ್ಚಿಡುತ್ತಾರೆ. ಮುಚ್ಚಿಡಲು ಶುರು ಮಾಡಿದ ಮೇಲೆ ಒಂದು ದಿನದ್ದು ವಾರದ್ದಾಗಲು ಹೆಚ್ಚು ಹೊತ್ತು ಬೇಡ. "ಕುಡಿದ್ರೂ ಪರವಾಗಿಲ್ಲ, ನನ್ನ ಹತ್ರ ಹೇಳಿ" ಅನ್ನುವ ಹೆಂಡತಿಯನ್ನು ಸದರ ಕೊಟ್ಟಳು ಅಂತ ಅತ್ತೆಯರು ಬೈಯುವುದುಂಟು. ಆದರೆ ಗಂಡ ಬೇಗ ನನ್ನ ಮುಂದೆ ಬಂದು ಕೂರುವುದು ಅಂಥ ಮನೆಗಳಿಂದಲೇ.

ಎರಡನೆಯದು ಇನ್ನೂ ಮುಖ್ಯ. "ಅವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸಿ" ಅನ್ನುವ ಜಾಹೀರಾತು ನಂಬಿ ಸಾರಿನಲ್ಲೋ ಕಾಫಿಯಲ್ಲೋ ಮಾತ್ರೆ ಬೆರೆಸಬೇಡಿ. ಹೀಗೆ ಕದ್ದು ಕೊಡುವುದರಲ್ಲಿ ಹೆಚ್ಚಾಗಿ ಇರುವುದು ಡೈಸಲ್ಫಿರಾಮ್. ಇದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿ ಬಂದು, ಎದೆ ಹೊಡೆದುಕೊಂಡು, ಬಿಪಿ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರು ಉಳಿಯದೇ ಹೋಗಬಹುದು. ಗೊತ್ತಿದ್ದು, ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವವರಿಗೆ ಇದು ಒಳ್ಳೆಯ ಔಷಧಿಯೇ. ಏನೂ ಗೊತ್ತಿಲ್ಲದೆ ಬಾರಿಗೆ ಹೋಗಿ ಕೂತವರಿಗೆ ಅದು ವಿಷ.

ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನಿಸುತ್ತಿದ್ದರೆ, ಕುಡಿಯದಿದ್ದರೆ ಕೈ ನಡುಗುತ್ತಿದ್ದರೆ, ಕೆಲಸ ತಪ್ಪುತ್ತಿದ್ದರೆ ಅದನ್ನು ರಿಲ್ಯಾಪ್ಸ್ ಅನ್ನಬೇಕು. ಆಗ ಕೋಣೆಯಲ್ಲಿ ಕೂಡಿಹಾಕಿ ನಿಲ್ಲಿಸಲು ಹೋಗಬೇಡಿ. ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಬನ್ನಿ. ರಾತ್ರಿ ಹೊತ್ತು ಯಾರನ್ನು ಕೇಳುವುದು ಅಂತ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್ ಬಂದರೆ ಮಾತ್ರ ಫೋನಲ್ಲಿ ಸಲಹೆ ಕೇಳುತ್ತಾ ಕೂರದೆ ನೇರ 108ಕ್ಕೆ ಕರೆ ಮಾಡಿ.